ನಲವತ್ತೊಂದನೇ ಸುತ್ತೋಲೆ

ಕೋಟೆ ಬಂದವನೇ ಯಾರ ಮುಖವನ್ನೂ ನೋಡದೆ ಮೇಜಿನ ಕೆಳಗೆ ಬಗ್ಗಿ ಅವಳ ಯಂತ್ರದ ಗುಂಡಿಯನ್ನು ಒತ್ತಿ ಹಿಡಿದ. ಪರದೆ ಕಪ್ಪಾಯಿತು. ಬೆಳಗಿನಿಂದ ತೆರೆದಿಟ್ಟುಕೊಂಡಿದ್ದ ಏಳು ಕಿಟಕಿಗಳು, ಅವುಗಳಲ್ಲಿ ಬರೆದಿಟ್ಟುಕೊಂಡಿದ್ದ ಅರ್ಧಂಬರ್ಧ ಟಿಪ್ಪಣಿಗಳು, ಎಲ್ಲ ಒಂದೇ ಉಸಿರಿಗೆ ಹೋದವು.

"ಉಳಿಸ್ಕೊಂಡಿರಲಿಲ್ಲ," ಅಂದಳು ಅವಳು.

"ಉಳಿಸ್ಕೋಬೇಕಿತ್ತು," ಅಂದ ಕೋಟೆ.

ಅವನು ನೆಟ್‌ವರ್ಕ್ ವಿಭಾಗದ ಮುಖ್ಯಸ್ಥ. ‘ನೆಟ್‌ವರ್ಕ್ ಅಂದ್ರೆ ಕೋಟೆ ಇದ್ದ ಹಾಗೆ, ಕಂಡಕಂಡವರಿಗೆಲ್ಲ ಬಾಗಿಲು ತೆಗೆಯೋಕಾಗಲ್ಲ’ ಎಂದು ಸಭೆ ಸಭೆಯಲ್ಲೂ ಹೇಳಿ ಹೇಳಿ ಆ ಹೆಸರು ಅವನಿಗೇ ಅಂಟಿಕೊಂಡಿತ್ತು. ನೆಲಮಾಳಿಗೆಗೆ ಇಳಿದು ಬಂದರೆ ಅವನು ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಯಂತ್ರ ಮತ್ತೆ ಎದ್ದೇಳುವವರೆಗೂ ಸೊಂಟದ ಮೇಲೆ ಕೈಯಿಟ್ಟು, ಚಾವಣಿಯಲ್ಲಿ ಹಾದುಹೋಗಿದ್ದ ನೀರಿನ ಕೊಳವೆಗಳನ್ನು ಲೆಕ್ಕ ಹಾಕುವವನಂತೆ ನೋಡುತ್ತ ನಿಲ್ಲುತ್ತಿದ್ದ. ಯಾವ ದೂರು ಬರಲಿ, ಮೊದಲು ಯಂತ್ರ ಆರಿಸಿ ಹಚ್ಚು, ಆಮೇಲೆ ನೋಡು. ಇದು ಅವನ ವಿಭಾಗದ ಪದ್ಧತಿ. ಕೊಳೆ ಪಾತ್ರೆಯಲ್ಲಿ ಹಾಲು ಕಾಸಿ ಹಾಲು ಒಡೀತು ಅನ್ನಬಾರದು ಎಂದು ಅದಕ್ಕೊಂದು ಸಮರ್ಥನೆಯೂ ಇತ್ತು.

ಯಂತ್ರ ಎದ್ದಿತು. ಕೋಟೆ ನಿಂತಲ್ಲಿಂದಲೇ ಕೈ ಚಾಚಿ, ಸಾಫ್ಟ್‌ವೇರ್ ಸಾಮಾನುಗಳನ್ನು ಕೂಡಿಟ್ಟ ಯಂತ್ರಕ್ಕೆ, ಅಂದರೆ ಕಂಪನಿಯ ಉಗ್ರಾಣಕ್ಕೆ, ಪಿಂಗ್ ಕಳಿಸಿದ. ಬಾಗಿಲು ತಟ್ಟಿ ‘ಇದ್ದೀರಾ’ ಅಂದಂತೆ ಪಿಂಗ್. ‘ಇದ್ದೀನಿ’ ಎಂದು ಕ್ಷಣಕ್ಕೊಂದು ಸಾಲು ಉತ್ತರ ಬರತೊಡಗಿತು.

"ಏನ್ ಹೇಳ್ತಿದೆ?"

"ಉತ್ತರ ಬರ್ತಿದೆ."

"ಅಂದ್ರೆ?"

"ದಾರಿ ಇದೆ."

"ಇದೆ ತಾನೆ? ನಮ್ಮ ಕಡೆಯಿಂದ ಎಲ್ಲ ಸರಿಯಾಗಿದೆ ಅಂತ ಬರ್ಕೊಳ್ಳಿ."

"ಆದ್ರೆ ಸರ್, ಕಂಟೇನರ್ ಕಟ್ಟೋಕೆ ಹೋದ ತಕ್ಷಣ ಉಗ್ರಾಣಕ್ಕೆ ದಾರಿಯೇ ಇಲ್ಲ ಅಂತ..."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ," ಅಂದ ಕೋಟೆ. ಕೋಣೆಯ ಆ ಮೂಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ಅವನ ಮೊಬೈಲ್ ಬಡಿದುಕೊಂಡಿತು. ಅದನ್ನು ಕಿವಿಗೊತ್ತಿಕೊಂಡು, ಪಿಂಗ್ ಓಡುತ್ತಿದ್ದ ಕಿಟಕಿಯನ್ನು ಹಾಗೇ ಬಿಟ್ಟು, ಮೆಟ್ಟಿಲು ಹತ್ತಿ ಹೋದ.

"ಏನ್ ಕುರ್ಚಿಯಮ್ಮ, ಇವತ್ತೂ ಡಬ್ಬಿ ಇಲ್ವಾ?" ಎಂದಳು ಎದುರು ಮೇಜಿನ ಉದ್ದನವಳು.

ಕುರ್ಚಿಯಮ್ಮ ಅಂದರೆ ಅವಳು. ಈ ಕೋಣೆಗೆ ಬಂದು ಇವತ್ತಿಗೆ ಒಂಬತ್ತು ದಿನ. ಆಸ್ಪತ್ರೆಗಳ ರಕ್ತಪರೀಕ್ಷೆಯ ವರದಿಗಳನ್ನು ರೋಗಿಗಳ ಮೊಬೈಲಿಗೆ ಕಳಿಸುವ ಸಾಫ್ಟ್‌ವೇರನ್ನು ಇಲ್ಲಿ ಹನ್ನೆರಡು ಜನ ಗುತ್ತಿಗೆಯವರು ಬರೆಯುತ್ತಿದ್ದರು, ಪರೀಕ್ಷಿಸುತ್ತಿದ್ದರು. ಅವರು ಬರೆದದ್ದನ್ನೆಲ್ಲ ಒಟ್ಟುಮಾಡಿ, ಅದಕ್ಕೆ ಬೇಕಾದ ಸಣ್ಣಪುಟ್ಟ ಸಾಮಾನುಗಳನ್ನು ಕಂಪನಿಯ ಉಗ್ರಾಣದಿಂದ ತರಿಸಿ, ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ತುಂಬಿ ಮುಚ್ಚಳ ಜಡಿಯುವುದು ಈ ಒಂದು ಕುರ್ಚಿಯ ಕೆಲಸ. ಆ ಡಬ್ಬಿಯೇ ಕಂಟೇನರ್. ಡಬ್ಬಿ ಬಂದರೆ ಉದ್ದನವಳು ಪರೀಕ್ಷೆ ಮಾಡಬಹುದು. ಬರದಿದ್ದರೆ ಹನ್ನೊಂದು ಜನ ಕೈ ಕಟ್ಟಿ ಕೂರಬೇಕು, ಕೂತದ್ದಕ್ಕೆ ಮೇಲಿನವರಿಂದ ಉಗಿಸಿಕೊಳ್ಳಬೇಕು. ಡಬ್ಬಿ ಬರದೆ ಐದನೇ ವಾರ ನಡೆದಿತ್ತು. ಹನ್ನೊಂದು ಹಂತದ ಕಟ್ಟುವಿಕೆ ಮೂರನೇ ಹಂತಕ್ಕೆ ಬಂದು ನಿಂತು, ‘ಆ ಯಂತ್ರಕ್ಕೆ ದಾರಿಯಿಲ್ಲ’ ಎಂಬ ಒಂದೇ ಸಾಲನ್ನು ಉಗುಳಿ ಸಾಯುತ್ತಿತ್ತು.

ಆದರೆ ಆ ಹೆಸರಿನಲ್ಲಿದ್ದ ವಿಷ ಡಬ್ಬಿಗಾಗಿ ಅಲ್ಲ. ಆ ಕುರ್ಚಿಯಲ್ಲಿ ಮೊದಲು ಕೂತಿದ್ದವನು ಅವಳ ಸ್ವಂತ ಮೈದುನ.

ಇಬ್ಬರೂ ಒಬ್ಬನೇ ಗುತ್ತಿಗೆದಾರನ ಕೈಕೆಳಗಿನವರು. ಇದೇ ದೋಷವನ್ನು ಮೂರು ವಾರದಲ್ಲಿ ಸರಿಮಾಡಲಿಲ್ಲ ಎಂದು ಮೈದುನನನ್ನು ಒಂದು ಶುಕ್ರವಾರ ಕಳಿಸಿದರು. ಸೋಮವಾರ ಗುತ್ತಿಗೆದಾರ ಇವಳಿಗೆ ಫೋನು ಮಾಡಿ, "ನಾಳೆಯಿಂದ ಆ ಕಡೆ ಹೋಗಿ, ನಿಮಗೂ ಅದೇ ಕೆಲಸ ಬರುತ್ತಲ್ಲ" ಅಂದ. ಹೋಗಲ್ಲ ಅಂದರೆ ಮನೆಯಲ್ಲಿ ದುಡಿಯುವ ಕೈ ಇನ್ನೊಂದು ಕಡಿಮೆ. ಗಂಡ ಲಿಫ್ಟ್ ಮೆಕ್ಯಾನಿಕ್, ಕೆಲಸ ಇದ್ದ ತಿಂಗಳು ಇತ್ತು, ಇಲ್ಲದ ತಿಂಗಳು ಇಲ್ಲ. "ಹೋಗು, ಇನ್ನೇನ್ ಮಾಡ್ತೀಯ," ಅಂದಿದ್ದ ಅವನು, ತಮ್ಮನ ಕೋಣೆಯ ಬಾಗಿಲಿನ ಕಡೆ ನೋಡದೆ.

ಹೋದಳು. ಕುರ್ಚಿಯ ಎತ್ತರವನ್ನು ಮೈದುನನ ಕಾಲಿಗೆ ಹೊಂದಿಸಲಾಗಿತ್ತು. ಇಳಿಸುವ ಕೀಲು ಮುರಿದಿದ್ದರಿಂದ ಒಂಬತ್ತು ದಿನದಿಂದ ಅವಳ ಪಾದ ನೆಲ ಮುಟ್ಟಿರಲಿಲ್ಲ.

ಮೊದಲ ದಿನವೇ ಅವಳು ಕೆಲಸದ ಚರಿತ್ರೆ ತೆಗೆದು ಓದಿದ್ದಳು. ಈ ಕಸುಬಿನಲ್ಲಿ ಏನು ಬದಲಿಸಿದರೂ ಯಾಕೆ ಬದಲಿಸಿದೆ ಎಂದು ಒಂದು ಸಾಲು ಬರೆದಿಡಬೇಕು; ಅದು ಅಳಿಯದೆ ಉಳಿಯುತ್ತದೆ. ಮೈದುನನ ಹದಿನಾಲ್ಕು ಸಾಲುಗಳಿದ್ದವು. ‘ಕಾಯುವ ಸಮಯ ಹೆಚ್ಚಿಸಿದೆ.’ ‘ನಡುವಿನ ಪ್ರಾಕ್ಸಿ ಯಂತ್ರ ತೆಗೆದೆ.’ ‘ಪ್ರಾಕ್ಸಿ ಮತ್ತೆ ಹಾಕಿದೆ.’ ‘ಉಗ್ರಾಣದ ಹೆಸರು ಬಿಟ್ಟು ನೇರ ಅಂಕಿ ಕೊಟ್ಟು ನೋಡಿದೆ.’ ‘ಇದೂ ಅಲ್ಲ.’ ಅವನ ಮಾತು ಮನೆಯಲ್ಲೂ ಹೀಗೇ, ಕತ್ತರಿಸಿ ಇಟ್ಟಂತೆ. ಹದಿನಾಲ್ಕನೆಯದು ಮಾತ್ರ ಉದ್ದವಿತ್ತು: ‘ನನ್ನ ತಪ್ಪು ಎಲ್ಲಿದೆ ಎಂದು ನನಗೇ ತಿಳಿಯುತ್ತಿಲ್ಲ.’ ಆ ಸಾಲನ್ನೇ ಕಿತ್ತು ಅವನನ್ನು ಹೊರಹಾಕಿದ ಪತ್ರದಲ್ಲಿ ಅಂಟಿಸಿದ್ದರು. ‘ತಪ್ಪು ತನ್ನದೆಂದು ನೌಕರನು ಲಿಖಿತವಾಗಿ ಒಪ್ಪಿಕೊಂಡಿರುವುದರಿಂದ’ ಎಂದು. ಬಡವನ ಪ್ರಾಮಾಣಿಕತೆಗೆ ಈ ಲೋಕದಲ್ಲಿ ಇರುವ ಬಳಕೆ ಅದೊಂದೇ: ಸಮಯ ಬಂದಾಗ ಅವನ ಕೈಯಿಂದಲೇ ಅವನ ಕತ್ತು ಹಿಚುಕುವುದು.

ಮನೆಯಲ್ಲಿ ಅವನು ಅವಳ ಜೊತೆ ಮಾತು ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ನಿನ್ನೆ ಸಂಜೆ ತಟ್ಟೆಯ ಮುಂದೆ ಕೂತು, ಅವಳು ಕೈ ತೊಳೆದು ಬರುವುದನ್ನೇ ಕಾದು, "ಮೂರನೇ ಹಂತ ದಾಟ್ತಾ?" ಎಂದಿದ್ದ.

"ಇಲ್ಲ."

"ದಾಟುತ್ತೆ. ನಿಮ್ಮ ಕೈಗುಣ ಚೆನ್ನಾಗಿದೆಯಲ್ಲ. ದಾಟಿದ ದಿನ ಹೇಳಿ, ಆ ಪತ್ರದ ಕೆಳಗೆ ಸಾಕ್ಷಿ ಅಂತ ನಿಮ್ಮ ಹೆಸರು ಬರೀತೀನಿ."

"ಸುಮ್ನಿರೋ," ಎಂದಿದ್ದರು ಅತ್ತೆ. ಆಮೇಲೆ ಅನ್ನ ಬಡಿಸುತ್ತ, ಸೌಟಿನ ಜೊತೆ ಮಾತಾಡುವವರಂತೆ, "ಒಂದೇ ಬಾವಿಗೆ ಇಬ್ಬರು ಬಿದ್ದರೆ ಮೇಲಿಂದ ಹಗ್ಗ ಬಿಡೋರು ಯಾರು. ನಂಗೇನ್ ಗೊತ್ತಾಗುತ್ತೆ," ಅಂದಿದ್ದರು.

ಅವಳು ತಟ್ಟೆ ಖಾಲಿ ಮಾಡಿ ಎದ್ದಿದ್ದಳು. ಮೈದುನ ಹೇಳಿದ್ದು ಸುಳ್ಳೇನಲ್ಲ. ದೋಷ ಸರಿಯಾಗದಿದ್ದರೆ ಈ ತಿಂಗಳ ಕೊನೆಗೆ ಅವಳೂ ಮನೆಗೆ. ಸರಿಯಾದರೆ, ಮೂರು ವಾರದಲ್ಲಿ ಅವನ ಕೈಲಾಗದ್ದನ್ನು ಅತ್ತಿಗೆ ಮಾಡಿದಳು ಎಂದಾಯಿತು. ಅವನು ದಡ್ಡ ಎಂದು ಕಂಪನಿ ಬರೆದ ಪತ್ರಕ್ಕೆ ಮನೆಯವಳೇ ಮೊಹರು ಒತ್ತಿದ ಹಾಗೆ. ಆಮೇಲೆ ಅವನನ್ನು ಯಾವ ಗುತ್ತಿಗೆದಾರ ಕರೆಯುತ್ತಾನೆ?

"ಕುರ್ಚಿಯಮ್ಮ, ನಿಮ್ಮನ್ನೇ ಕೇಳಿದ್ದು."

"ಕಟ್ತಾ ಇದ್ದೀನಿ," ಎಂದು ಅವಳು ಡಬ್ಬಿ ಕಟ್ಟುವ ಕಂಟೇನರ್ ಎಂಜಿನನ್ನು ಚಾಲೂ ಮಾಡಿದಳು. ಭದ್ರತೆಯ ನಿಯಮದ ಪ್ರಕಾರ ಅದು ಯಂತ್ರದ ಜೊತೆ ತಾನಾಗಿ ಏಳುತ್ತಿರಲಿಲ್ಲ, ಪ್ರತಿ ಸಲ ಕೈಯಿಂದ ಎಬ್ಬಿಸಬೇಕಿತ್ತು.

ಪರದೆಯ ಮೂಲೆಯಲ್ಲಿ ಕೋಟೆ ಮುಚ್ಚದೆ ಹೋಗಿದ್ದ ಪಿಂಗ್ ಇನ್ನೂ ಓಡುತ್ತಿತ್ತು. ಇದ್ದೀನಿ, ಇದ್ದೀನಿ, ಇದ್ದೀನಿ. ಅದನ್ನು ಮುಚ್ಚಲು ಕೈ ಅತ್ತ ಹೋಯಿತು. ಸಾಲುಗಳು ನಿಂತವು.

ಅವಳು ಏನನ್ನೂ ಮುಟ್ಟಿರಲಿಲ್ಲ. ಎರಡು ಕ್ಷಣ ಖಾಲಿ. ಆಮೇಲೆ ಹೊಸ ಸಾಲು: ತಲುಪಲಾಗುತ್ತಿಲ್ಲ. ತಲುಪಲಾಗುತ್ತಿಲ್ಲ.

ಅವಳು ಯಂತ್ರವನ್ನು ತಾನೇ ಆರಿಸಿದಳು, ಹಚ್ಚಿದಳು, ಪಿಂಗ್ ಬಿಟ್ಟಳು. ಇದ್ದೀನಿ. ಎಂಜಿನ್ ಎಬ್ಬಿಸಿದಳು. ತಲುಪಲಾಗುತ್ತಿಲ್ಲ. ಮತ್ತೊಮ್ಮೆ. ಮತ್ತೂ ಒಮ್ಮೆ. ನಾಲ್ಕನೇ ಸಲವೂ ಅದೇ. ನೆಟ್‌ವರ್ಕಿನಲ್ಲಿ ಪ್ರತಿ ಯಂತ್ರಕ್ಕೂ ಮನೆ ನಂಬರಿನಂಥ ಒಂದು ಅಂಕಿ; ಯಾವ ಅಂಕಿಗೆ ಯಾವ ಕಡೆ ಹೋಗಬೇಕು ಎಂಬ ದಾರಿಪಟ್ಟಿಯನ್ನು ತೆಗೆದಳು. ನಾಲ್ಕೇ ಸಾಲು. ಮೂರನೇ ಸಾಲಿನಲ್ಲಿತ್ತು: ನೂರ ಎಪ್ಪತ್ತೆರಡು ಚುಕ್ಕಿ ಹದಿನೇಳು ಎಂದು ಶುರುವಾಗುವ ಅಂಕಿಗಳೆಲ್ಲ ಕಂಟೇನರಿನ ಒಳಬೀದಿಯ ಮನೆಗಳು.

ಉಗ್ರಾಣದ ಅಂಕಿ? ಮೈದುನ ಬರೆದಿಟ್ಟಿದ್ದನಲ್ಲ, ಹೆಸರು ಬಿಟ್ಟು ನೇರ ಅಂಕಿ ಕೊಟ್ಟು ನೋಡಿದೆ ಎಂದು. ತೆಗೆದು ನೋಡಿದಳು. ನೂರ ಎಪ್ಪತ್ತೆರಡು ಚುಕ್ಕಿ ಹದಿನೇಳು.

ಕಂಟೇನರ್ ಎಂಜಿನ್ ಎದ್ದ ಕೂಡಲೇ ಯಂತ್ರದ ಒಳಗೇ ತನ್ನದೊಂದು ಬೀದಿ ಹಾಕುತ್ತದೆ. ಆ ಬೀದಿಯ ಮನೆಗಳಿಗೆ ಅದು ರೂಢಿಯಿಂದ ಕೊಡುವ ಅಂಕಿಗಳೂ, ಕಂಪನಿ ತನ್ನ ಉಗ್ರಾಣಕ್ಕೆ ಕೊಟ್ಟ ಅಂಕಿಯೂ ಒಂದೇ ಸಾಲಿನವು. ಉಗ್ರಾಣಕ್ಕೆ ಹೋಗು ಅಂದರೆ ಯಂತ್ರ ಹೊರಗೆ ಕಾಲಿಡದೆ ತನ್ನ ಅಂಗಳದಲ್ಲೇ ತಡಕಾಡಿ, ಇಲ್ಲ ಅನ್ನುತ್ತಿತ್ತು. ಕೋಟೆ ಬಂದು ಎಲ್ಲವನ್ನೂ ಆರಿಸಿದಾಗ ಆ ಒಳಬೀದಿಯೂ ಅಳಿದುಹೋಗಿ, ದಾರಿ ಸಲೀಸಾಗಿ ತೆರೆದುಕೊಳ್ಳುತ್ತಿತ್ತು. ರೋಗ ಹುಡುಕಲು ಬಂದ ವೈದ್ಯ ಪ್ರತಿ ಸಲ ಮೊದಲು ರೋಗಿಯನ್ನೇ ಹೊರಗೆ ಕಳಿಸಿ, ಖಾಲಿ ಮಂಚದ ನಾಡಿ ಹಿಡಿದು ನೋಡುತ್ತಿದ್ದ.

ಅವಳು ಜೋರಾಗಿ ನಕ್ಕಳು. ಉದ್ದನವಳು ತಲೆಯೆತ್ತಿದಳು.

"ಏನಾಯ್ತು?"

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕೋದು ಕೇಳಿದ್ದೆ. ಇದು ಊರಲ್ಲಿರೋ ಕೂಸನ್ನ ಕಂಕುಳಲ್ಲಿ ಹುಡುಕ್ತಾ ಕೂತಿದೆ."

ಒಳಬೀದಿಗೆ ಬೇರೆ ಅಂಕಿ ಕೊಡುವುದು ಹೇಗೆ ಎಂದು ಅವಳಿಗೆ ನೆನಪಿರಲಿಲ್ಲ. ಮೂರನೇ ಮಹಡಿಯಲ್ಲಿ ಕಾಯಂ ನೌಕರರೂ ಕಂಟೇನರ್ ಕಟ್ಟುತ್ತಿದ್ದರು, ಬೇರೆ ಗಿರಾಕಿಗಳಿಗೆ. ಲಿಫ್ಟು ಕಾಯಂನವರ ಕಾರ್ಡಿಗೆ ಮಾತ್ರ ತೆರೆಯುತ್ತಿದ್ದರಿಂದ ಮೆಟ್ಟಿಲು ಹತ್ತಿ ಹೋದಳು. ಅಲ್ಲಿ ಕಿಟಕಿ ಪಕ್ಕದ ಕನ್ನಡಕದವನು ಕಿತ್ತಳೆ ಸುಲಿಯುತ್ತ ಅವಳ ಮಾತು ಪೂರ್ತಿ ಕೇಳಲೂ ಇಲ್ಲ.

"ಓ ಅದಾ? ಅದಕ್ಕೆ ಸುತ್ತೋಲೆ ಬಂದಿತ್ತಲ್ಲ. ಒಂದು ಸಾಲು ಸೇರಿಸಿದ್ರೆ ಮುಗೀತು."

"ಯಾವ ಸುತ್ತೋಲೆ?"

ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ನಲವತ್ತೊಂದನೇ ಸುತ್ತೋಲೆ. ‘ಉಗ್ರಾಣವನ್ನು ಹೊಸ ವಿಳಾಸಕ್ಕೆ ಸ್ಥಳಾಂತರಿಸಲಾಗಿದೆ. ಕಂಟೇನರ್ ಬಳಸುವವರು ವಿಳಾಸಗಳ ಘರ್ಷಣೆ ತಪ್ಪಿಸಲು ತಮ್ಮ ಯಂತ್ರದಲ್ಲಿ ಈ ಕೆಳಗಿನ ಸಾಲನ್ನು ಸೇರಿಸತಕ್ಕದ್ದು.’ ತಾರೀಕು ಕಳೆದ ತಿಂಗಳ ಮೂರು. ಕೆಳಗೆ ಕೋಟೆಯ ಸಹಿ.

ಮೂರನೇ ತಾರೀಕು. ಮೈದುನನ ಮೊದಲ ದೂರು ನಾಲ್ಕನೆಯದು. ಕೋಟೆ ನೆಲಮಾಳಿಗೆಗೆ ಬಂದು ಅವನ ಯಂತ್ರ ಆರಿಸಿ ಹಚ್ಚಿದ್ದು ಒಂಬತ್ತು, ಹದಿನೈದು, ಇಪ್ಪತ್ತು. ಮೂರೂ ಸಲ ‘ನಮ್ಮ ಕಡೆ ಸರಿಯಿದೆ’ ಎಂದು ದೂರುಪಟ್ಟಿಯಲ್ಲಿ ದಾಖಲಾಗಿತ್ತು. ಮೈದುನನನ್ನು ಹೊರಹಾಕಿದ್ದು ಇಪ್ಪತ್ನಾಲ್ಕಕ್ಕೆ.

"ನಿಮಗೆ ಬಂದಿರಲಿಲ್ವಾ?" ಅಂದ ಕನ್ನಡಕದವನು. ಆಮೇಲೆ ಅವಳ ಕೊರಳಲ್ಲಿದ್ದ ಗುತ್ತಿಗೆಯವರ ಹಳದಿ ಪಟ್ಟಿ ಕಂಡು, "ಹೂಂ, ಬಂದಿರಲ್ಲ. ಅದು ಕಾಯಂ ಪಟ್ಟಿಗೆ ಮಾತ್ರ ಹೋಗೋದು," ಎಂದು ಒಂದು ತೊಳೆ ಕಿತ್ತಳೆ ಚಾಚಿದ. ಕೆಟ್ಟವನಲ್ಲ ಪಾಪ. ಈ ಕಟ್ಟಡದಲ್ಲಿ ಯಾರೂ ಕೆಟ್ಟವರಲ್ಲ. ಕೆಟ್ಟತನಕ್ಕೆ ಇಲ್ಲಿ ಮನುಷ್ಯರು ಬೇಕಾಗಿರಲಿಲ್ಲ, ಒಂದು ಪಟ್ಟಿ ಸಾಕಿತ್ತು.

"ಒಂದು ಪ್ರತಿ ತೆಗೆದು ಕೊಡ್ತೀರಾ?"

"ಕೊಡಬಾರದು." ಅವನು ಆ ಕಡೆ ಈ ಕಡೆ ನೋಡಿದ. "ನಾನು ಕೈ ತೊಳ್ಕೊಂಡು ಬರ್ತೀನಿ. ಪ್ರಿಂಟರ್ ಅಲ್ಲಿದೆ."

ಊಟದ ವೇಳೆಗೆ ವ್ಯವಸ್ಥಾಪಕಿಯೂ ಕೋಟೆಯೂ ನೆಲಮಾಳಿಗೆಗೆ ಬಂದರು. ದೋಷ ಸಿಕ್ಕಿದೆ, ಕಣ್ಣಾರೆ ನೋಡಬೇಕು ಎಂದು ಅವಳೇ ಬರೆದು ಕರೆಸಿದ್ದಳು. ವ್ಯವಸ್ಥಾಪಕಿ ಮಾತಿನಲ್ಲಿ ಬೆಣ್ಣೆ. ಗುತ್ತಿಗೆಯವರನ್ನು ‘ನಮ್ಮ ಮನೆಯವರೇ’ ಎಂದು ಕರೆಯುತ್ತ, ವರ್ಷಕ್ಕೊಮ್ಮೆ ಮನೆಯಿಂದ ಹೊರಗೆ ಹಾಕುತ್ತಿದ್ದವಳು. ಮೂಗಿಗೆ ಕರವಸ್ತ್ರ ಹಿಡಿದು, "ಇಲ್ಲಿ ಗಾಳಿ ಸ್ವಲ್ಪ ಕಡಿಮೆ ಅಲ್ವಾ," ಅಂದಳು.

ಕೋಟೆ ಎಂದಿನಂತೆ ಬಗ್ಗಿ ಗುಂಡಿಗೆ ಕೈ ಹಾಕಿದ.

ಅವಳು ಎತ್ತರದ ಕುರ್ಚಿಯಿಂದ ಜಾರಿ ಇಳಿದು, ಮೊಣಕಾಲೂರಿ, ಗುಂಡಿಯ ಮೇಲೆ ಅಂಗೈ ಮುಚ್ಚಿದಳು. ಅವನ ಬೆರಳು ಅವಳ ಕೈಯ ಹಿಂಭಾಗಕ್ಕೆ ತಗುಲಿ ಬೆಂಕಿ ಮುಟ್ಟಿದಂತೆ ಹಿಂದೆ ಸರಿಯಿತು.

"ಮುಟ್ಟಬೇಡಿ."

"ಏನಿದು? ಪದ್ಧತಿ ಇರೋದು..."

"ನಿಮ್ಮ ಪದ್ಧತೀನೇ ತೋರಿಸೋಕೆ ಕರೆದದ್ದು. ಹಾಗೇ ನಿಂತ್ಕೊಂಡು ನೋಡಿ. ಆರಿಸೋದು ಬೇಡ."

ಹನ್ನೊಂದು ಕುರ್ಚಿಗಳು ತಿರುಗಿದವು. ಎಂಜಿನನ್ನು ಇನ್ನೂ ಎಬ್ಬಿಸದೆ ಇಟ್ಟಿದ್ದ ಯಂತ್ರದಲ್ಲಿ ಅವಳು ಪಿಂಗ್ ಬಿಟ್ಟಳು. ಉತ್ತರ ಬಂತು. ಎಂಜಿನ್ ಎಬ್ಬಿಸಿದಳು. ಉತ್ತರ ಸತ್ತಿತು. ಅವಳು ಸುತ್ತೋಲೆಯ ಆ ಒಂದು ಸಾಲನ್ನು ಸೇರಿಸಿ, ಎಂಜಿನನ್ನು ಮತ್ತೆ ಎಬ್ಬಿಸಿ, ಕಟ್ಟಲು ಬಿಟ್ಟಳು. ಒಂದು, ಎರಡು. ಮೂರನೇ ಹಂತ ಬಂತು, ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿತು. ನಾಲ್ಕು, ಐದು, ಆರು.

"ಒಂದೇ ಸಾಲಾ?" ಅಂದಳು ಉದ್ದನವಳು. "ಒಂದು ಸಾಲಿಗೆ ಒಬ್ಬ ಮನುಷ್ಯನ್ನ ತಿಂದ್ರಾ?"

"ನೆಲ ಡೊಂಕಿತ್ತು ಸರ್," ಎಂದು ಅವಳು ಕೋಟೆಗೆ ಸುತ್ತೋಲೆಯ ಪ್ರತಿ ಚಾಚಿದಳು. "ಡೊಂಕು ಮಾಡಿದ್ದು ನೀವು. ಎಲ್ಲಿ ಡೊಂಕು ಅಂತ ಬರೆದೂ ಇಟ್ಟಿದ್ದೀರಿ. ನಮಗೆ ಹೇಳೋದು ಮಾತ್ರ ಬಿಟ್ರಿ."

ಕೋಟೆ ಕಾಗದ ಮುಟ್ಟಲಿಲ್ಲ. "ಗುತ್ತಿಗೆಯವರು ನನ್ನ ಪಟ್ಟಿಯಲ್ಲಿಲ್ಲ."

"ನೀವು ಮೂರು ಸಲ ಇದೇ ಜಾಗದಲ್ಲಿ ನಿಂತಿದ್ರಿ. ಆಗಲೂ ನೆನಪಾಗಲಿಲ್ವಾ?"

"ದಾರಿ ಇಲ್ಲ ಅಂತ ದೂರು ಬಂತು. ದಾರಿ ಇದೆಯಾ ಅಂತ ನೋಡಿದೆ. ಇತ್ತು." ಅವನ ಮುಖದಲ್ಲಿ ನಾಚಿಕೆಯ ಗೆರೆಯೊಂದೂ ಏಳಲಿಲ್ಲ. ಸುಳ್ಳು ಹೇಳುತ್ತಿದ್ದಾನೆ ಎಂದು ಅವಳಿಗೂ ಅನ್ನಿಸಲಿಲ್ಲ. ಅವನಿಗೆ ನಿಜಕ್ಕೂ ನೆನಪಾಗಿರಲಿಲ್ಲ. ನೆನಪಾಗಬೇಕಾದರೆ ಎದುರಿಗಿರುವವನು ಲೆಕ್ಕಕ್ಕೆ ಬರುವ ಮನುಷ್ಯ ಅನ್ನಿಸಬೇಕಲ್ಲ.

"ಮೇಲೆ ಬಾಮ್ಮ, ಕೂತು ಮಾತಾಡೋಣ," ಎಂದಳು ವ್ಯವಸ್ಥಾಪಕಿ, ಅವಳ ಭುಜ ಸವರಿ.

ಮೇಲಿನ ಗಾಜಿನ ಕೋಣೆಯಲ್ಲಿ ಅವಳಿಗೆ ಕುರ್ಚಿ ಕೊಟ್ಟರು, ನೀರು ಕೊಟ್ಟರು. ವ್ಯವಸ್ಥಾಪಕಿ ದೂರುಪಟ್ಟಿಯನ್ನು ತೆರೆದು ಅವಳ ಮುಂದೆ ತಳ್ಳಿದಳು. ದೋಷ ಮುಕ್ತಾಯವಾಗಬೇಕಾದರೆ ಕಾರಣ ಆರಿಸಬೇಕು. ಕಾರಣಗಳು ಮೂರೇ ಇದ್ದವು: ಬಳಕೆದಾರರ ತಪ್ಪು, ಸಾಫ್ಟ್‌ವೇರ್ ದೋಷ, ಇತರೆ.

"ನೆಟ್‌ವರ್ಕ್ ಅಂತ ಇಲ್ವಲ್ಲ," ಅಂದಳು ಅವಳು.

"ಪಟ್ಟಿ ಮಾಡಿದ್ದೇ ನೆಟ್‌ವರ್ಕ್‌ನವರು," ಎಂದು ವ್ಯವಸ್ಥಾಪಕಿ ನಕ್ಕಳು, ಒಳ್ಳೆಯ ಜೋಕು ಹಂಚಿಕೊಂಡವಳಂತೆ. "ಮೊದಲನೇದನ್ನ ಆರಿಸಿಬಿಡಿ. ಆ ಹುಡುಗನ ವಿಷಯ ಹೇಗೂ ಮುಗಿದು ಹೋಗಿದೆ. ನಿಮ್ಮದು ಮುಂದಿನ ವರ್ಷಕ್ಕೂ ನವೀಕರಣ ಮಾಡಿಸ್ತೀನಿ, ಇವತ್ತೇ. ಜಾಣೆ ನೀವು. ಐದು ವಾರದ ಸಿಕ್ಕನ್ನ ಒಂಬತ್ತು ದಿನದಲ್ಲಿ ಬಿಡಿಸಿದ್ರಿ."

"ಆ ಹುಡುಗ ನನ್ನ ಮೈದುನ."

"ಗೊತ್ತು. ಅದಕ್ಕೇ ಹೇಳಿದ್ದು, ಮನೆಗೆ ಒಬ್ಬರಾದ್ರೂ ಇರಲಿ ಅಂತ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಹಳೆಯ ಗಾದೆ. ಇಲ್ಲಿ ಬರೆಯ ಕಬ್ಬಿಣವನ್ನು ಎಮ್ಮೆಯ ಅತ್ತಿಗೆಯ ಕೈಗೇ ಕೊಡುತ್ತಿದ್ದರು, ಹಿಡಿಗೆ ರೇಷ್ಮೆ ಬಟ್ಟೆ ಸುತ್ತಿ. ಒಂದು ವರ್ಷ. ಗಂಡನ ಮುಖ ಕಣ್ಣ ಮುಂದೆ ಬಂತು. ಹೋಗು, ಇನ್ನೇನ್ ಮಾಡ್ತೀಯ. ಮೊದಲನೆಯದರ ಮೇಲೆ ಒಂದು ಸಲ ಬೆರಳೊತ್ತಿದರೆ ಒಂದು ವರ್ಷ. ಅವಳ ಬೆರಳು ಅದರ ಮೇಲೆಯೇ ಇತ್ತು ಕೂಡ. ಎಷ್ಟು ಹೊತ್ತು ಇತ್ತೋ. ವ್ಯವಸ್ಥಾಪಕಿ ಗಡಿಯಾರ ನೋಡಿಕೊಂಡಳು.

"ನನ್ನ ಜಾಗಕ್ಕೆ ಹೋಗಿ ತುಂಬ್ತೀನಿ," ಎಂದು ಅವಳು ಎದ್ದಳು.

ನೆಲಮಾಳಿಗೆಯಲ್ಲಿ ಹನ್ನೊಂದು ಹಂತವೂ ಮುಗಿದು ಡಬ್ಬಿ ತಯಾರಾಗಿ ಕೂತಿತ್ತು. ಉದ್ದನವಳು ಅದನ್ನು ಮುಟ್ಟಿರಲಿಲ್ಲ. ಅವಳು ಮೂರನೇ ಕಾರಣವನ್ನು ಆರಿಸಿದಳು. ‘ಇತರೆ’ಗೆ ಇನ್ನೂರು ಅಕ್ಷರ ಜಾಗವಿತ್ತು. ನಿಧಾನವಾಗಿ, ಅಳಿಸಿ ಅಳಿಸಿ, ಅಷ್ಟರಲ್ಲೇ ಹಿಡಿಸಿದಳು: ‘ಉಗ್ರಾಣದ ಹೊಸ ಅಂಕಿಯೂ ಕಂಟೇನರಿನ ಒಳಗಿನ ಅಂಕಿಯೂ ಒಂದೇ ಸಾಲು. ನೆಟ್‌ವರ್ಕ್ ವಿಭಾಗಕ್ಕೆ ಮೂರನೇ ತಾರೀಕಿಗೇ ಗೊತ್ತು. ಸುತ್ತೋಲೆ ೪೧. ಗುತ್ತಿಗೆಯವರಿಗೆ ತಿಳಿಸಲಿಲ್ಲ. ಹಿಂದಿನ ನೌಕರನ ತಪ್ಪಿಲ್ಲ.’ ಕಳಿಸುವ ಮುಂಚೆ ಪ್ರತಿಗಳ ಸಾಲಿನಲ್ಲಿ ಕೋಣೆಯ ಹನ್ನೊಂದು ಜನರ ಹೆಸರು, ಗುತ್ತಿಗೆದಾರನ ಹೆಸರು, ಮೂರು ಆಸ್ಪತ್ರೆಗಳ ಸಂಪರ್ಕದವರ ಹೆಸರು ಸೇರಿಸಿದಳು. ಕೊನೆಯಲ್ಲಿ ಮೈದುನನದು.

"ಹೀಗೆ ಮಾಡಿದ್ರೆ ಇರೋಕೆ ಬಿಡ್ತಾರಾ?" ಎಂದಳು ಉದ್ದನವಳು, ಅವಳ ಭುಜದ ಮೇಲಿಂದ ಓದುತ್ತ.

"ಇಲ್ಲ."

"ಮತ್ತೆ?"

"ಮತ್ತೇನು. ಮುಂದಿನವರು ಬಂದಾಗ ಅವರನ್ನೂ ಕುರ್ಚಿ ಅನ್ನಬೇಡಿ."

ಅವಳು ಒತ್ತಿದಳು. ಕೋಣೆಯ ಹನ್ನೊಂದು ಪರದೆಗಳಲ್ಲೂ ಒಂದರ ಹಿಂದೊಂದು ಟಿಣ್ ಎಂದಿತು.

ಮೂರು ಗಂಟೆಗೆ ಕಾವಲಿನವನು ಬಂದು, ತಲೆ ತಗ್ಗಿಸಿ, ಹಳದಿ ಪಟ್ಟಿ ಕೇಳಿದ. ಬಿಚ್ಚಿ ಕೊಟ್ಟಳು. "ನಂಗೂ ಇದೇ ಬಣ್ಣದ್ದು ತಾಯಿ, ತಪ್ಪು ತಿಳ್ಕೋಬೇಡಿ," ಎಂದ ಅವನು. ಬಾಗಿಲವರೆಗೆ ಉದ್ದನವಳು ಬಂದಳು. ಅಲ್ಲಿಂದಲೇ ಮೊಬೈಲ್ ತೆಗೆದು ಕಿವಿಗಿಟ್ಟುಕೊಂಡು ಹಿಂದಿರುಗಿ ನಡೆದಳು.

ಹೊತ್ತಲ್ಲದ ಹೊತ್ತಿನ ಬಸ್ಸಿನಲ್ಲಿ ಜನ ಕಡಿಮೆಯಿದ್ದರು. ಕಿಟಕಿಯ ಗಾಜಿನ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ಅತ್ತೆಗೆ ಏನು ಹೇಳಲಿ, ಗಂಡನಿಗೆ ಏನು ಹೇಳಲಿ ಎಂದು ಮಾತು ಕೂಡಿಸುತ್ತ ಹೋದಳು. ಮೈದುನನಿಗೆ ಹೇಳಬೇಕಾದ ಮಾತು ಮಾತ್ರ ಎಷ್ಟು ಸಲ ಕೂಡಿಸಿದರೂ ಉಪಕಾರ ಮಾಡಿದವಳ ಮಾತಿನ ಹಾಗೇ ಕೇಳುತ್ತಿತ್ತು. ಇಳಿಯುವ ನಿಲ್ದಾಣ ಬಂದಾಗಲೂ ಅದು ಸರಿಹೋಗಿರಲಿಲ್ಲ.

ಮನೆ ಎರಡನೇ ಮಹಡಿಯಲ್ಲಿ. ಮೊದಲ ತಿರುವಿನಲ್ಲೇ ದನಿ ಕೇಳಿಸಿತು. ಬಾಗಿಲು ಮುಚ್ಚಿತ್ತು, ಮುಚ್ಚಿದ ಬಾಗಿಲನ್ನು ಸೀಳಿಕೊಂಡು ಬರುತ್ತಿತ್ತು. ಮೈದುನ ಫೋನಿನಲ್ಲಿ ಯಾರಿಗೋ ಕೂಗಾಡುತ್ತಿದ್ದ.

"ಆರಿಸಬೇಡ ಅಂದೆನಲ್ಲ! ನಿಮ್ಮ ಆಫೀಸಿನ ಗುತ್ತಿಗೆಯವರಿಗೂ ಆ ಸುತ್ತೋಲೆ ಬಂದಿರಲ್ಲ. ಆರಿಸಿದ್ರೆ ಏನೂ ಕಾಣಲ್ಲ. ಮೊದಲು ಪಿಂಗ್ ಬಿಡು. ಓಡ್ಲಿ. ಓಡ್ತಾ ಇರುವಾಗಲೇ ಎಂಜಿನ್ ಎಬ್ಬಿಸು. ಹಾಂ... ನಿಂತಿತಾ? ನಿಂತಿತಲ್ಲ? ಈಗ ದಾರಿಪಟ್ಟಿ ತೆಗಿ. ಮೂರನೇ ಸಾಲು ಓದು. ಜೋರಾಗಿ ಓದು."

ಒಳಗೆ ಪಾತ್ರೆಯ ಸದ್ದು, ಅತ್ತೆಯ ಕೆಮ್ಮು.

"ಆ ಅಂಕಿ ಬರೆದವನೇ ನಾನು. ನನ್ನ ಕೈಯಲ್ಲೇ ಬರೆದಿದ್ದೆ, ನೋಡಲಿಲ್ಲ. ಅದು ನನ್ನ ತಪ್ಪು. ಅಷ್ಟು ಮಾತ್ರ ನನ್ನ ತಪ್ಪು, ಉಳಿದದ್ದು ಅವರದು, ಇದನ್ನ ಹಾಗೇ ಬರ್ಕೋ... ಇಲ್ಲ, ನಾನಲ್ಲ. ನಮ್ಮ ಅತ್ತಿಗೆ ಹಿಡಿದದ್ದು, ಎದುರು ಮೇಜಿನವರು ಈಗ ಫೋನ್ ಮಾಡಿ ಹೇಳಿದ್ರು. ಒಂಬತ್ತು ದಿನ ಬೇಕಾಯ್ತು ಅವರಿಗೂ! ಯಾರು? ಅವನನ್ನೂ ಹೀಗೇ ಹೊರಗೆ ಹಾಕಿದ್ರಾ? ಹೋದ ವರ್ಷವಾ? ಅವನ ನಂಬರ್ ಕೊಡು. ಕೊಡಯ್ಯಾ, ಪೆನ್ನು ಇದೆ ಕೈಯಲ್ಲಿ, ಹೇಳು."

ಗಂಟೆ ಒತ್ತಲು ಎತ್ತಿದ ಕೈಯನ್ನು ಅವಳು ಇಳಿಸಿದಳು. ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು, ಬಾಗಿಲಿನ ಮುಂದಿನ ಮೆಟ್ಟಿಲ ಮೇಲೆ ಕೂತಳು. ಮೇಲಿನ ಮನೆಯ ಹೆಂಗಸು ತರಕಾರಿ ಚೀಲ ಹೊತ್ತು ಹತ್ತಿ ಬಂದವಳು ನಿಂತು, "ಯಾಕ್ರೀ, ಬೀಗದ ಕೈ ಮರೆತ್ರಾ?" ಎಂದಳು.

"ಇಲ್ಲ."

"ಮತ್ತೆ ಹೊರಗೆ ಕೂತಿದ್ದೀರಿ?"

ಅವಳು ತುಟಿಯ ಮೇಲೆ ಬೆರಳಿಟ್ಟು, ಮಂಡಿ ಓರೆ ಮಾಡಿ, ಆ ಹೆಂಗಸಿಗೆ ಹತ್ತಲು ದಾರಿ ಬಿಟ್ಟಳು. ಒಳಗೆ ಮೈದುನ ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳಿಕೊಳ್ಳುತ್ತ ಬರೆದುಕೊಳ್ಳುತ್ತಿದ್ದ.